ಕಣಿಕೆಯ ಸತ್ತ್ವ: ಮೇವಿನ ಹುಲ್ಲಿನ ತಳಿಶೋಧನೆಯೂ ನಮ್ಮ ಒಕ್ಕಲುತನವೂ

ವಿಜಯಪುರದಿಂದ ಪಶ್ಚಿಮಕ್ಕೆ ತಿಕೋಟಾ ಮಾರ್ಗವಾಗಿ ಹೊರಟವರಿಗೂ, ನೈಋತ್ಯಕ್ಕೆ ಬಬಲೇಶ್ವರದ ಕಡೆಗೆ ತಿರುಗಿದವರಿಗೂ ಒಂದು ಕಾಲದಲ್ಲಿ ಊರು ಸಮೀಪಿಸಿತೆಂಬುದನ್ನು ತಿಳಿಸುತ್ತಿದ್ದುದು ಗುಡಿಯ ಶಿಖರಕ್ಕಿಂತ ಮೊದಲು ಕಣ್ಣಿಗೆ ಬೀಳುವ ಕಣಿಕೆಯ ಬಣವೆಗಳೇ. ಬೀಗತನಕ್ಕೆ ಬಂದ ಹಿರಿಯರು ಮನೆಯ ಪಡಸಾಲೆಯಲ್ಲಿ ಕುಳಿತು ಮಾತನಾಡುವ ಮುನ್ನ ಹಿತ್ತಿಲಿನ ಬಣವೆಯನ್ನು ಕಣ್ಣಳತೆಯಲ್ಲಿ ಅಳೆದುಕೊಂಡೇ ಒಳಗೆ ಬರುತ್ತಿದ್ದರು. ಬಣವೆ ದೊಡ್ಡದಿದ್ದರೆ ಎತ್ತುಗಳು ಗಟ್ಟಿ, ಎತ್ತು ಗಟ್ಟಿಯಿದ್ದರೆ ಹೊಲ ಹಸನು, ಹೊಲ ಹಸನಿದ್ದರೆ ಮನೆಯ ದಾಸೋಹಕ್ಕೆ ಕೊರತೆಯಿಲ್ಲ ಎಂಬುದು ಅವರ ತರ್ಕ. ಆ ತರ್ಕ ಸರಿಯಾದುದೇ. ಆದರೆ ಬಣವೆಯ ಎತ್ತರ ಮೇವಿನ ಪ್ರಮಾಣವನ್ನು ಹೇಳುತ್ತದೆಯೇ ಹೊರತು ಮೇವಿನ ಸತ್ತ್ವವನ್ನು ಹೇಳುವುದಿಲ್ಲ. ಹುಲ್ಲಿನ ಒಂದೊಂದು ಎಳೆಯೂ ದನದ ಹೊಟ್ಟೆಯಲ್ಲಿ ಎಷ್ಟು ಕರಗುತ್ತದೆ, ಎಷ್ಟು ರಕ್ತಮಾಂಸವಾಗುತ್ತದೆ, ಎಷ್ಟು ಸಗಣಿಯಾಗಿ ಹೊರಬೀಳುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ತಳಿಶೋಧಕರು ನಡೆಸಿರುವ ಕಾರ್ಯವನ್ನು ನಮ್ಮ ಭಕ್ತ ಕುಟುಂಬಗಳ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ಮಠದಲ್ಲಿ ಶಾಸ್ತ್ರ ಓದಿದವರಿಗೆ ಹುಲ್ಲಿನ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಕಲ್ಯಾಣದ ಶರಣರ ಸಮೂಹದಲ್ಲಿ ತುರುಗಾಹಿ ರಾಮಣ್ಣನವರ ಕಾಯಕ ದನ ಕಾಯುವುದು. ಅವರ ವಚನಗಳ ಅಂಕಿತವೇ ಗೋಪತಿನಾಥ ವಿಶ್ವೇಶ್ವರಲಿಂಗ. ನುಲಿಯ ಚಂದಯ್ಯನವರು ಹೊಡಕೆಹುಲ್ಲು ಕೊಯ್ದು ಹಗ್ಗ ಹೊಸೆದು, ಅದರಿಂದ ಬಂದುದನ್ನು ಜಂಗಮ ದಾಸೋಹಕ್ಕೆ ಸಲ್ಲಿಸಿದವರು. ಒಕ್ಕಲಿಗ ಮುದ್ದಣ್ಣನವರು ನೇಗಿಲು ಹಿಡಿದೇ ಅನುಭಾವಿಗಳಾದರು. ಹುಲ್ಲನ್ನು ಹೊರಗಿಟ್ಟು ಕಾಯಕವನ್ನು ವಿವರಿಸಲು ನಮ್ಮ ಪರಂಪರೆಯಲ್ಲಿ ಸಾಧ್ಯವಿಲ್ಲ.

ಮೊದಲು ದನದ ಹೊಟ್ಟೆಯ ವಿಚಾರ. ಆಕಳು, ಎಮ್ಮೆ, ಆಡು, ಕುರಿ ಇವು ಮೆಲುಕು ಹಾಕುವ ಜೀವಿಗಳು. ಇವುಗಳ ಜಠರಕ್ಕೆ ನಾಲ್ಕು ಕೋಣೆಗಳು. ಅವುಗಳಲ್ಲಿ ದೊಡ್ಡದಾದ ಮೊದಲ ಕೋಣೆಯಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಮನುಷ್ಯನಿಗೆ ಅರಗದ ನಾರನ್ನು ಅವು ಹುದುಗಿಸಿ ಶಕ್ತಿಯಾಗಿ ಪರಿವರ್ತಿಸುತ್ತವೆ. ನಾವು ಆಕಳಿಗೆ ಹುಲ್ಲು ಹಾಕುತ್ತೇವೆ ಎನ್ನುವುದಕ್ಕಿಂತ ಆಕಳ ಹೊಟ್ಟೆಯೊಳಗಿನ ಈ ಜೀವರಾಶಿಗೆ ಹಾಕುತ್ತೇವೆ ಎನ್ನುವುದೇ ಹೆಚ್ಚು ಸರಿ. ಈ ಜೀವಿಗಳಿಗೆ ಎರಡು ವಸ್ತುಗಳು ಬೇಕು: ಬಿಡಿಸಿಕೊಳ್ಳಬಹುದಾದ ನಾರು, ಮತ್ತು ತಮ್ಮ ಮೈ ಬೆಳೆಸಿಕೊಳ್ಳಲು ಸಾರಜನಕ. ಒಣಮೇವಿನಲ್ಲಿ ಕಚ್ಚಾ ಪ್ರೋಟೀನು ನೂರಕ್ಕೆ ಸುಮಾರು 7ಕ್ಕಿಂತ ಕೆಳಗಿಳಿದರೆ ಅವು ಸೊರಗುತ್ತವೆ. ಆಗ ಮೇವು ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ದನ ಮೇಯುವುದನ್ನೇ ಕಡಿಮೆ ಮಾಡುತ್ತದೆ. ನಮ್ಮ ಒಣ ಜೋಳದ ಕಣಿಕೆಯಲ್ಲಿ ಇರುವುದು ಸಾಮಾನ್ಯವಾಗಿ 3ರಿಂದ 5 ಮಾತ್ರ. ಬೇಸಗೆಯಲ್ಲಿ ಗೋದಲೆ ತುಂಬಿದ್ದರೂ ದನ ಮುಖ ತಿರುಗಿಸಿ ನಿಂತರೆ ಮನೆಯವರು ದೃಷ್ಟಿ ತಗುಲಿತೆಂದು ಮೆಣಸಿನಕಾಯಿ ಸುಡುವುದುಂಟು. ಅದು ಅನೇಕ ವೇಳೆ ಪ್ರೋಟೀನಿನ ಕೊರತೆ.

ಇನ್ನೊಂದು ಕಂಟಕ ಲಿಗ್ನಿನ್ ಎಂಬ ವಸ್ತು. ಗಿಡವು ನೆಟ್ಟಗೆ ನಿಲ್ಲಲು ಬೇಕಾದ ಬಿಗಿಯನ್ನು ಕೊಡುವುದು ಇದೇ. ಬಲಿತಂತೆಲ್ಲ ಇದು ನಾರಿನ ಸುತ್ತ ಗಾರೆಯಂತೆ ಮೆತ್ತಿಕೊಂಡು, ಸೂಕ್ಷ್ಮಜೀವಿಗಳು ನಾರನ್ನು ಮುಟ್ಟದಂತೆ ತಡೆಯುತ್ತದೆ. ಎಲೆಯಲ್ಲಿ ಇದು ಕಡಿಮೆ, ದಂಟಿನಲ್ಲಿ ಹೆಚ್ಚು. ಎಳೆಯದರಲ್ಲಿ ಕಡಿಮೆ, ಮುದಿಯಾದುದರಲ್ಲಿ ಹೆಚ್ಚು. ಹಾಗೆಂದು ಮೇವನ್ನು ಎಳೆಯದಾಗಿಯೇ ಕೊಯ್ದರೆ ಜೋಳ ಸಿಗದು. ಈ ಇಕ್ಕಟ್ಟಿನಲ್ಲಿಯೇ ತಳಿಶೋಧಕನ ಕೆಲಸ ಆರಂಭವಾಗುತ್ತದೆ.

ಹುಲ್ಲಿನ ಸತ್ತ್ವವನ್ನು ತಳಿಯ ಮೂಲಕ ಹೆಚ್ಚಿಸಬಹುದೆಂದು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಅಮೆರಿಕದ ಜಾರ್ಜಿಯಾ ಪ್ರಾಂತದ ಟಿಫ್ಟನ್ ಎಂಬ ಊರಿನ ಗ್ಲೆನ್ ಬರ್ಟನ್ ಅವರು ಪ್ರಮುಖರು. ಅವರು ಆರಿಸಿಕೊಂಡದ್ದು ಯಾವ ಅಪೂರ್ವ ಸಸ್ಯವನ್ನೂ ಅಲ್ಲ. ನಮ್ಮ ಬಾವಿಯ ದಂಡೆಯಲ್ಲಿ, ಹೊಲದ ಬದುವಿನಲ್ಲಿ ಬೆಳೆಯುವ ಗರಿಕೆಯನ್ನು! ನಾವು ಪೂಜೆಗೆ ಕಿತ್ತು ತರುವ, ಹೊಲದಲ್ಲಿ ಕಂಡರೆ ಕಳೆಯೆಂದು ಶಪಿಸುವ ಅದೇ ಗರಿಕೆ. ಐದು ಸಾವಿರಕ್ಕೂ ಹೆಚ್ಚು ಸಸಿಗಳಲ್ಲಿ ಒಂದನ್ನು ಆರಿಸಿ ಅವರು 1943ರಲ್ಲಿ ಕೋಸ್ಟಲ್ ಎಂಬ ತಳಿಯನ್ನು ಬಿಡುಗಡೆ ಮಾಡಿದರು. ಅದು ಇಳುವರಿಯಲ್ಲಿ ಮೇಲು. ಅಲ್ಲಿಗೆ ನಿಲ್ಲದೆ, ಕೀನ್ಯಾ ದೇಶದಿಂದ ಬಂದ, ಚೆನ್ನಾಗಿ ಅರಗುವ ಗುಣವುಳ್ಳ ಇನ್ನೊಂದು ಗರಿಕೆಯೊಂದಿಗೆ ಅದನ್ನು ಸಂಕರಿಸಿ 1967ರಲ್ಲಿ ಕೋಸ್ಟ್‌ಕ್ರಾಸ್-1 ತಳಿಯನ್ನು ಕೊಟ್ಟರು. ಹಿಂದಿನದಕ್ಕಿಂತ ಅದರ ಅರಗುವಿಕೆ ನೂರಕ್ಕೆ ಸುಮಾರು 12ರಷ್ಟು ಹೆಚ್ಚು; ಆದರೆ ಅದನ್ನು ಮೇಯ್ದ ಕರುಗಳ ದಿನದಿನದ ತೂಕದ ಗಳಿಕೆ 30ರಿಂದ 40ರಷ್ಟು ಹೆಚ್ಚಾಯಿತು. ಮೇವು ಬೇಗ ಅರಗಿದರೆ ಹೊಟ್ಟೆ ಬೇಗ ಬರಿದಾಗುತ್ತದೆ, ದನ ಇನ್ನಷ್ಟು ಮೇಯುತ್ತದೆ. ಹೀಗೆ ಲಾಭ ಇಮ್ಮಡಿಸುತ್ತದೆ. ಇದೇ ಬರ್ಟನ್ ಅವರ ಬಳಿಯಿಂದ ಬಂದ ಸಜ್ಜೆಯ ಟಿಫ್ಟ್ 23ಎ ಎಂಬ ಗಂಡುಬಂಜೆ ಸಾಲಿನಿಂದಲೇ ಲುಧಿಯಾನಾದಲ್ಲಿ ಭಾರತದ ಮೊದಲ ಸಂಕರ ಸಜ್ಜೆ ಎಚ್.ಬಿ.-1 ರೂಪುಗೊಂಡು 1965ರಲ್ಲಿ ಹೊರಬಂದಿತೆಂಬುದು ಪ್ರಾಸಂಗಿಕವಾಗಿ ನೆನೆಯಬೇಕಾದ ಸಂಗತಿ. ಸಂಕ್ರಮಣದ ಸಜ್ಜೆಯ ರೊಟ್ಟಿಗೂ ದೂರದ ಗರಿಕೆಯ ಪಂಡಿತನಿಗೂ ಇಂಥದೊಂದು ನಂಟು!

ಸಾವಿರಾರು ಸಸಿಗಳನ್ನು ದನಕ್ಕೆ ಹಾಕಿ ಪರೀಕ್ಷಿಸುವುದು ಅಸಾಧ್ಯ. 1963ರಲ್ಲಿ ಇಂಗ್ಲೆಂಡಿನ ಟಿಲ್ಲಿ ಮತ್ತು ಟೆರಿ ಎಂಬ ವಿದ್ವಾಂಸರು ದನದ ಹೊಟ್ಟೆಯ ರಸವನ್ನು ಗಾಜಿನ ನಳಿಕೆಗೆ ತೆಗೆದುಕೊಂಡು, ಅದರಲ್ಲಿ ಚಿಟಿಕೆಯಷ್ಟು ಹುಲ್ಲಿನ ಪುಡಿಯನ್ನು ಅರಗಿಸಿ ನೋಡುವ ವಿಧಾನವನ್ನು ಪ್ರಕಟಿಸಿದರು. ಈಗ ಪುಡಿಯ ಮೇಲೆ ಕಣ್ಣಿಗೆ ಕಾಣದ ಅತಿಗೆಂಪು ಸಮೀಪದ ಬೆಳಕನ್ನು ಹಾಯಿಸಿ, ಅದು ಮರಳುವ ರೀತಿಯಿಂದಲೇ ಪ್ರೋಟೀನು, ನಾರು, ಅರಗುವಿಕೆಗಳನ್ನು ಕ್ಷಣಮಾತ್ರದಲ್ಲಿ ಅಂದಾಜು ಮಾಡುವ ಯಂತ್ರಗಳಿವೆ.

ಇಷ್ಟು ಪೀಠಿಕೆಯಾದ ಮೇಲೆ ನಮ್ಮ ನೆಲಕ್ಕೆ ಬರೋಣ. ವಿಜಯಪುರ ಸೀಮೆಗೆ ಮೇವಿನ ಹುಲ್ಲು ಎಂದರೆ ಮೊದಲು ಹಿಂಗಾರಿ ಜೋಳವೇ. ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎಂಬ ಗಾದೆಯನ್ನು ಆಡುವವರು ಓಣಿಗೆಲ್ಲ ಕಣಿಕೆಯೂ ಬರುತ್ತಿತ್ತೆಂಬುದನ್ನು ಸೇರಿಸುವುದಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿದ ಸೊಲ್ಲಾಪುರ ಜಿಲ್ಲೆಯಲ್ಲಿಯೇ ಇರುವ ಮೊಹೋಳದ ಕೇಂದ್ರದಲ್ಲಿ 1930ರ ದಶಕದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ ಆರಿಸಿದ ಎಂ. 35-1 ತಳಿ ನಮ್ಮ ಎರೆಹೊಲಗಳನ್ನು ಆವರಿಸಿಕೊಂಡಿತು. ಇಂದಿಗೂ ಅದರ ಹೆಸರು ಅಳಿದಿಲ್ಲ. ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರ ಸ್ಥಾಪನೆಯಾದದ್ದೂ ಅದೇ ದಶಕದಲ್ಲಿ. ಈಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಹಿಟ್ಟಿನಹಳ್ಳಿಯ ಕ್ಷೇತ್ರದಲ್ಲಿ ನಡೆಯುತ್ತಿರುವ ವಿಜಯಪುರದ ಸಂಶೋಧನ ಕೇಂದ್ರ ಬಿ.ಜೆ.ವಿ.-44ರಂತಹ ಹಿಂಗಾರಿ ಜೋಳದ ತಳಿಗಳನ್ನು ಕೊಟ್ಟಿದೆ.

1964ರಲ್ಲಿ ಸಿ.ಎಸ್.ಎಚ್.-1 ಎಂಬ ಸಂಕರ ಜೋಳ ದೇಶದಲ್ಲಿ ಬಿಡುಗಡೆಯಾಯಿತು. ಅದೂ ಅದರ ಹಿಂದೆ ಬಂದ ಗಿಡ್ಡ ಸಂಕರಗಳೂ ಮುಂಗಾರಿ ಸೀಮೆಗಳಲ್ಲಿ ಹಬ್ಬಿದವು. ನಮ್ಮ ಹಿಂಗಾರಿ ಸೀಮೆಯ ಒಕ್ಕಲಿಗರು ಮಾತ್ರ ಮಾಲದಂಡಿಯನ್ನು ಬಿಡಲಿಲ್ಲ. ಇದನ್ನು ಹಿಂದುಳಿದವರ ಹಟಮಾರಿತನವೆಂದು ಬರೆದ ಪಂಡಿತರುಂಟು. ರೊಟ್ಟಿಯ ರುಚಿ, ಕಾಳಿನ ಹೊಳಪು, ಸುಳಿನೊಣದ ಕಾಟ ಇವೆಲ್ಲ ಕಾರಣಗಳೇ. ಆದರೆ ಗಿಡ್ಡ ಜೋಳದ ಕಣಿಕೆ ಕಡಿಮೆ, ದನ ಅದನ್ನು ಒಲ್ಲದು ಎಂಬುದೂ ದೊಡ್ಡ ಕಾರಣವಾಗಿತ್ತು. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ವಿವೇಕ ಒಕ್ಕಲಿಗನ ಪಕ್ಷದಲ್ಲಿತ್ತು. ಶೋಧಕರು ಕಾಳನ್ನು ಮಾತ್ರ ತೂಗಿದರು, ಒಕ್ಕಲಿಗ ಕಾಳು ಕಣಿಕೆ ಎರಡನ್ನೂ ತೂಗಿದ.

ಆ ವಿವೇಕವನ್ನು ವಿಜ್ಞಾನವೇ ಮುಂದೆ ಒಪ್ಪಿಕೊಂಡಿತು. ಹೈದರಾಬಾದಿನ ಮೇವಿನ ಪೇಟೆಯಲ್ಲಿ ಮಾರಾಟವಾಗುವ ಜೋಳದ ಕಣಿಕೆಯನ್ನು ಅಂತರರಾಷ್ಟ್ರೀಯ ಜಾನುವಾರು ಸಂಶೋಧನ ಸಂಸ್ಥೆಯ ಮೈಕೆಲ್ ಬ್ಲ್ಯೂಮೆಲ್ ಮತ್ತು ಪಟಾನ್‌ಚೆರುವಿನ ಇಕ್ರಿಸ್ಯಾಟಿನ ಪಾರ್ಥಸಾರಥಿ ರಾವ್ ಅವರು ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವ್ಯಾಪಾರಿಗಳು ಕಣಿಕೆಯನ್ನು ಬೇರೆ ಬೇರೆ ಹೆಸರಿನಿಂದ ವಿಂಗಡಿಸಿ ಮಾರುತ್ತಿದ್ದರು. ನಮ್ಮ ರಾಯಚೂರಿನ ಹೆಸರಿನದೂ ಅದರಲ್ಲಿತ್ತು. ಅತಿ ಅಗ್ಗದ ಕಣಿಕೆಯ ಅರಗುವಿಕೆ ನೂರಕ್ಕೆ 47ರ ಸುಮಾರು, ಅತಿ ತುಟ್ಟಿಯದು 52ರ ಸುಮಾರು. ಈ ಐದು ಅಂಶಗಳ ಅಂತರಕ್ಕೆ ಕೊಳ್ಳುವವರು ನೂರಕ್ಕೆ 25 ಮತ್ತು ಅದಕ್ಕೂ ಹೆಚ್ಚಿನ ಬೆಲೆ ತೆರುತ್ತಿದ್ದರು. ಯಾವ ಪ್ರಯೋಗಾಲಯವನ್ನೂ ನೋಡದ ಗೌಳಿಗರು ಮೇವನ್ನು ಕೈಯಲ್ಲಿ ಹಿಡಿದು ನೋಡಿಯೇ ಇದನ್ನು ಅರಿತಿದ್ದರು!

ಐದು ಅಂಶವೆಂದರೆ ಅಲ್ಪವೆಂದು ತೋರಬಹುದು. ಲೆಕ್ಕ ಹಾಕಿ ನೋಡಿರಿ. ಒಂದು ಎತ್ತು ದಿನಕ್ಕೆ 10 ಕಿಲೋ ಕಣಿಕೆ ತಿಂದರೆ ಕೀಳು ಕಣಿಕೆಯಲ್ಲಿ ಮೈಗೂಡುವುದು 4.7 ಕಿಲೋ, ಮೇಲು ಕಣಿಕೆಯಲ್ಲಿ 5.2 ಕಿಲೋ. ಅರ್ಧ ಕಿಲೋ ಅಂತರ. ಮಾಗಿಯಿಂದ ಕಾರಹುಣ್ಣಿಮೆಯ ತನಕ ಆರು ತಿಂಗಳು ಹಿಡಿದರೆ ಒಂದು ಎತ್ತಿಗೆ 90 ಕಿಲೋ, ಒಂದು ಜೋಡಿಗೆ 180 ಕಿಲೋ. ಬಣವೆಯ ಎತ್ತರ ಮಾತ್ರ ಎರಡೂ ಮನೆಗಳಲ್ಲಿ ಒಂದೇ.

ಈ ಅಂತರ ಬರದ ವರ್ಷದಲ್ಲಿ ಎಂಥದೆಂಬುದನ್ನು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. 1876ರಿಂದ 78ರ ಮಹಾಕ್ಷಾಮದಲ್ಲಿ ಆಗಿನ ಕಲಾದಗಿ ಜಿಲ್ಲೆ, ಎಂದರೆ ಇಂದಿನ ವಿಜಯಪುರ ಬಾಗಲಕೋಟೆಗಳ ನೆಲ, ಜನವನ್ನೂ ದನವನ್ನೂ ಅಪಾರವಾಗಿ ಕಳೆದುಕೊಂಡಿತು. 1972ರ ಬರದಲ್ಲಿ ನಾವು ಮಠದ ಪಾಠಶಾಲೆಯ ಬಾಲಕರು. ಬೇವಿನ, ಆಲದ ತಪ್ಪಲನ್ನು ಕಡಿದು ಮಠದ ಆಕಳುಗಳಿಗೆ ಹಾಕುವ ಸರದಿ ನಮ್ಮದಾಗಿತ್ತು. ಇಂತಹ ವರ್ಷಗಳಲ್ಲಿ ಖಿಲಾರಿ ಹೋರಿಯನ್ನು ಕರುವಿನಿಂದ ಸಾಕಿದವರು ಬಂದ ಬೆಲೆಗೆ ಕೊಟ್ಟು ಬರಿಗೈಯಿಂದ ಮರಳುತ್ತಾರೆ. ಹೋರಿ ಹೋದ ಮನೆಗೆ ಮರುವರ್ಷ ಮಳೆಯಾದರೂ ಬಿತ್ತಿಗೆ ಇಲ್ಲ.

ಕಣಿಕೆಯ ಸತ್ತ್ವವನ್ನು ಹೆಚ್ಚಿಸುವ ದಾರಿಗಳಲ್ಲಿ ನಮಗೆ ಹೆಚ್ಚು ಭರವಸೆಯದಾಗಿ ಕಾಣುವುದು ಹಸಿರು ಉಳಿಸಿಕೊಳ್ಳುವ ಗುಣ. ತೆನೆ ಬಲಿಯುವ ಹೊತ್ತಿಗೆ ನೆಲದ ಹಸಿ ಆರಿದರೆ ಸಾಮಾನ್ಯ ಜೋಳದ ಎಲೆಗಳು ಕೆಳಗಿನಿಂದ ಒಣಗುತ್ತ ಹೋಗುತ್ತವೆ. ಕೆಲವು ತಳಿಗಳು ಮಾತ್ರ ಕೊನೆಯ ತನಕ ಹಸಿರಾಗಿರುತ್ತವೆ. ಇಥಿಯೋಪಿಯದ ಜೋಳದ ಮೂಲದಿಂದ ಬಂದ ಬಿ-35 ಎಂಬ ಸಾಲಿನಲ್ಲಿ ಈ ಗುಣ ಪ್ರಬಲವಾಗಿದೆ. ಅದನ್ನು ಬೇರೆ ತಳಿಗಳಿಗೆ ಸೇರಿಸಿ ನೋಡಿದ ಇಕ್ರಿಸ್ಯಾಟಿನ ಪ್ರಯೋಗಗಳಲ್ಲಿ ಕೆಲವು ಸಾಲುಗಳ ಕಣಿಕೆಯ ಅರಗುವಿಕೆಯೂ ಹೆಚ್ಚಿತು. ಹಿಂಗಾರಿ ಜೋಳದ ಬದುಕೇ ಆರುತ್ತಿರುವ ಹಸಿಯ ಮೇಲೆ ನಿಂತಿದೆ. ಎಳ್ಳಮವಾಸ್ಯೆಯಂದು ಚರಗ ಚೆಲ್ಲುವಾಗ ಹೊಲದಲ್ಲಿ ಉಳಿದ ಹಸಿಯಷ್ಟೇ ಅದರ ಪಾಲು. ಆದ್ದರಿಂದ ಈ ಗುಣ ನಮ್ಮ ಸೀಮೆಗೆ ಎರಡು ಬಗೆಯಲ್ಲಿ ಉಪಕಾರಿ.

ಇನ್ನೊಂದು ದಾರಿ ಕಂದುನರದ ಜೋಳ. ಎಲೆಯ ನಡುನರ ಕಂದು ಬಣ್ಣಕ್ಕೆ ತಿರುಗಿದ ಮೆಕ್ಕೆಜೋಳದ ಗಿಡವೊಂದನ್ನು 1924ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಕಂಡರು. ಅಂತಹ ಗಿಡಗಳಲ್ಲಿ ಲಿಗ್ನಿನ್ ಕಡಿಮೆಯೆಂದು ಮುಂದೆ ತಿಳಿಯಿತು. 1978ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದವರು ರಾಸಾಯನಿಕ ಉಪಚಾರದಿಂದ ಜೋಳದಲ್ಲಿಯೂ ಇದನ್ನು ಸಾಧಿಸಿದರು. ಹಸಿಮೇವಿನ ಜೋಳದಲ್ಲಿ ಇದು ಬಹಳ ಉಪಯುಕ್ತ. ಆದರೆ ಲಿಗ್ನಿನ್ ಗಿಡದ ಬೆನ್ನೆಲುಬು ಕೂಡ ಹೌದು. ಅದು ಕುಂದಿದರೆ ಗಿಡ ನೆಲಕ್ಕೊರಗುವ, ಇಳುವರಿ ಇಳಿಯುವ ಅಪಾಯವಿದೆ. ದಂಟಿನ ಕಪ್ಪುಕೊಳೆಯಿಂದಲೇ ಜೋಳ ಮಲಗುವ ನಮ್ಮ ಎರೆಹೊಲಗಳಿಗೆ ಇದನ್ನು ಎಚ್ಚರದಿಂದಲೇ ತರಬೇಕು.

ಎಳೆ ಜೋಳದ ವಿಷದ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಎಳೆಯ ಜೋಳದಲ್ಲಿಯೂ ಕೊಯ್ಲಾದ ಮೇಲೆ ಬುಡದಿಂದ ಒಡೆಯುವ ಕೂಳೆಯ ಚಿಗುರಿನಲ್ಲಿಯೂ ಧುರಿನ್ ಎಂಬ ವಸ್ತುವಿದ್ದು, ದನ ಅಗಿದಾಗ ಅದು ಪ್ರಾಣಾಂತಕವಾದ ಸಯನೈಡ್ ಆಮ್ಲವನ್ನು ಬಿಡುತ್ತದೆ. ಬಾಡಿದ, ನೀರಿಲ್ಲದೆ ಸೊರಗಿದ ಗಿಡದಲ್ಲಿ ಇದು ಮತ್ತೂ ಹೆಚ್ಚು. ಮೇವಿನ ತಳಿಗಳನ್ನು ಆರಿಸುವಾಗ ಧುರಿನ್ ಕಡಿಮೆಯಿರುವುದನ್ನು ನೋಡುತ್ತಾರಾದರೂ, ಹೂವಾಡುವ ಮುನ್ನ ಮೇಯಿಸಬಾರದೆಂಬ ಹಿರಿಯರ ಕಟ್ಟಳೆಯನ್ನು ಮೀರಬಾರದು. ಮೇಯ್ದ ದನ ನಡುಗಿ ಬಿದ್ದರೆ ಮಂತ್ರ ತಂತ್ರಗಳಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಯಿಸಿರಿ. ಇದಕ್ಕೆ ಚುಚ್ಚುಮದ್ದು ಉಂಟು, ಅವಕಾಶ ಮಾತ್ರ ಬಹಳ ಕಡಿಮೆ.

ಈಚಿನ ವರ್ಷಗಳಲ್ಲಿ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ತಿಕೋಟಾ ಬಬಲೇಶ್ವರಗಳ ಒಣನೆಲದ ಕಡೆಗೆ ಏರಿ ಬಂದಿದೆ. ದ್ರಾಕ್ಷಿ, ಕಬ್ಬು, ತೊಗರಿಗಳು ಹೆಚ್ಚಿದವು, ಜೋಳ ಹಿಂಜರಿಯಿತು. ಬಣವೆಗಳು ಕುಗ್ಗಿ ಕಣಿಕೆ ತುಟ್ಟಿಯಾಯಿತು. ದನಗಳೂ ಬದಲಾದವು, ಖಿಲಾರಿಯ ಗೂಟದಲ್ಲಿ ಮಿಶ್ರತಳಿಯ ಆಕಳು, ಮುರ್ರಾ ಎಮ್ಮೆ ನಿಂತಿವೆ. ಅವುಗಳಿಗೆ ಕಬ್ಬಿನ ಸೋಗೆಯೊಂದನ್ನೇ ಹಾಕಿ ಹಾಲು ಬಯಸುವುದು ನ್ಯಾಯವಲ್ಲ. ಇಲ್ಲಿ ಬರುವುದು ಸಂಕರ ನೇಪಿಯರ್ ಹುಲ್ಲು.

ಸಜ್ಜೆಯ ಮೆದುತನವನ್ನೂ ಆಫ್ರಿಕದ ನೇಪಿಯರ್ ಹುಲ್ಲಿನ ಬಹುವರ್ಷದ ಬಾಳಿಕೆಯನ್ನೂ ಕೂಡಿಸುವ ಸಂಕರ ನಮ್ಮ ದೇಶದಲ್ಲಿ ಮೊದಲು 1953ರಲ್ಲಿ ಕೊಯಮತ್ತೂರಿನಲ್ಲಿ ಆಯಿತು. ಸಜ್ಜೆಯ ವರ್ಣತಂತುಗಳು 14, ನೇಪಿಯರಿನವು 28. ಇವೆರಡರ ಸಂತಾನದಲ್ಲಿ 21. ಬೆಸಸಂಖ್ಯೆಯಾದುದರಿಂದ ಜೋಡಿ ಕೂಡದೆ ಅದು ಬೀಜ ಕಟ್ಟುವುದಿಲ್ಲ. ಆದ್ದರಿಂದಲೇ ಇದನ್ನು ಕಡ್ಡಿಯಿಂದ ಬೆಳೆಸಬೇಕು, ಒಮ್ಮೆ ಆರಿಸಿದ ಒಳ್ಳೆಯ ಗಿಡದ ಗುಣ ಕಡ್ಡಿಯಿಂದ ಕಡ್ಡಿಗೆ ಕೆಡದೆ ಸಾಗುತ್ತದೆ. 1962ರಲ್ಲಿ ಝಾನ್ಸಿಯಲ್ಲಿ ಆರಂಭವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ನಮ್ಮ ಧಾರವಾಡದಲ್ಲಿಯೇ ಇದೆ. ಅಲ್ಲಿಂದ ಬಂದ ಡಿ.ಎಚ್.ಎನ್.-6, ಸಂಪೂರ್ಣ ಎಂಬ ಹೆಸರಿನ ತಳಿ 2008ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾಯಿತು.

ಈ ಹುಲ್ಲಿನ ಬಗ್ಗೆ ಜಾಹೀರಾತುಗಳು ಹಸಿತೂಕದ ಟನ್ನುಗಳನ್ನು ಹೇಳುತ್ತವೆ. ಹಸಿ ಹುಲ್ಲಿನಲ್ಲಿ ನೂರಕ್ಕೆ 80ರಷ್ಟು ನೀರೇ. 100 ಕಿಲೋ ಹಸಿ ಹುಲ್ಲು ಎಂದರೆ 20 ಕಿಲೋ ಒಣವಸ್ತು. ಅದರಲ್ಲಿ ಪ್ರೋಟೀನು ನೂರಕ್ಕೆ 8ರಿಂದ 10 ಎಂದು ಹಿಡಿದರೆ 1.6ರಿಂದ 2 ಕಿಲೋ. 20 ಕಿಲೋ ಕಣಿಕೆಯಲ್ಲಿ ಒಣವಸ್ತು 18 ಕಿಲೋ, ಪ್ರೋಟೀನು ಸುಮಾರು 0.7 ಕಿಲೋ. ಕೊಳ್ಳುವವರು ಗಾಡಿಯನ್ನಲ್ಲ, ಈ ಲೆಕ್ಕವನ್ನು ನೋಡಬೇಕು. ಇದರ ದೋಷವೂ ಒಂದಿದೆ. ನೇಪಿಯರ್ ಕುಲದಲ್ಲಿ ಆಕ್ಸಲೇಟ್ ಎಂಬ ವಸ್ತುವಿದ್ದು, ಅದು ಮೇವಿನ ಸುಣ್ಣದಂಶವನ್ನು ಹಿಡಿದಿಟ್ಟು ದನಕ್ಕೆ ದಕ್ಕದಂತೆ ಮಾಡುತ್ತದೆ. ಎಳೆಯ ಹುಲ್ಲಿನಲ್ಲಿ ಅದು ಹೆಚ್ಚು. ಹಾಲು ಕೊಡುವ ಆಕಳಿಗೆ ಸುಣ್ಣ ಮೊದಲೇ ಸಾಲದು. ಆಕ್ಸಲೇಟ್ ಕಡಿಮೆಯಿರುವ ಗಿಡಗಳನ್ನು ಆರಿಸುವುದು ಈ ಹುಲ್ಲಿನ ತಳಿಶೋಧನೆಯ ಒಂದು ಮುಖ್ಯ ಗುರಿ. ಮನೆಯಲ್ಲಿ ನಾವು ಮಾಡಬಹುದಾದುದು, ಇದನ್ನು ಒಂಟಿಯಾಗಿ ಹಾಕದೆ ಕುದುರೆಮೆಂತೆ ಅಥವಾ ಅಲಸಂದೆಯ ಹಸಿಮೇವು, ಸ್ವಲ್ಪ ಕಣಿಕೆ, ಖನಿಜ ಮಿಶ್ರಣಗಳೊಂದಿಗೆ ಬೆರೆಸಿ ಹಾಕುವುದು.

ಗಾಯರಾಣದ ಹುಲ್ಲಿಗೆ ಬಂದರೆ ಕಥೆ ಬೇರೆ. ಅಂಜನ ಹುಲ್ಲು ಒಣನೆಲಕ್ಕೆ ಒಗ್ಗುವ ಒಳ್ಳೆಯ ಮೇವು. ಆದರೆ ಅದು ಪರಾಗದ ಕೂಡುವಿಕೆಯಿಲ್ಲದೆ ಬೀಜ ಕಟ್ಟುತ್ತದೆ. ಮಗಳು ತಾಯಿಯ ಪಡಿಯಚ್ಚು. ಭೇದವೇ ಇಲ್ಲದಲ್ಲಿ ಶೋಧಕನಿಗೆ ಆರಿಸಲು ಏನಿದೆ? ಟೆಕ್ಸಾಸಿನ ಬಾಷಾ ಎಂಬವರು ಸಹಜವಾಗಿ ಕೂಡಿ ಬೀಜ ಕಟ್ಟುವ ಅಪರೂಪದ ಗಿಡವೊಂದನ್ನು ಕಂಡು 1962ರಲ್ಲಿ ವರದಿ ಮಾಡಿದ ಮೇಲೆಯೇ ಈ ಹುಲ್ಲಿನ ಸಂಕರಕ್ಕೆ ಬಾಗಿಲು ತೆರೆಯಿತು. ನಮ್ಮ ಊರುಗಳ ಗಾಯರಾಣಗಳಾದರೋ ತಳಿ ಬರುವ ಮೊದಲೇ ಕರಗಿಹೋಗುತ್ತಿವೆ. ಅದಕ್ಕೆ ಯಾವ ಪ್ರಯೋಗಾಲಯವೂ ಮದ್ದು ಕೊಡಲಾರದು.

ಮೇವಿನ ತಳಿಗಳ ದೊಡ್ಡ ತೊಡಕು ಅವು ಹೊಲವನ್ನು ಮುಟ್ಟದಿರುವುದು. ಕಡ್ಡಿಯಿಂದ ಬೆಳೆಯುವ ಹುಲ್ಲನ್ನು ರೈತ ಒಮ್ಮೆ ಕೊಂಡರೆ ಮತ್ತೆ ಕೊಳ್ಳುವುದಿಲ್ಲವಾದುದರಿಂದ ವ್ಯಾಪಾರಿಗಳಿಗೆ ಅದರಲ್ಲಿ ಆಸಕ್ತಿಯಿಲ್ಲ. ವ್ಯಾಪಾರಕ್ಕೆ ಒದಗದ ಈ ವಸ್ತು ದಾಸೋಹಕ್ಕೆ ಚೆನ್ನಾಗಿ ಒದಗುತ್ತದೆಂದು ನಮಗೆ ತೋರುತ್ತದೆ. ನೀರಿರುವ ಮಠಗಳು ಐದು ಹತ್ತು ಗುಂಟೆಯಲ್ಲಿ ಧಾರವಾಡದಿಂದಲೋ ಹಿಟ್ಟಿನಹಳ್ಳಿಯಿಂದಲೋ ತಂದ ಶುದ್ಧ ತಳಿಯ ಕಡ್ಡಿಗಳನ್ನು ಬೆಳೆಸಿ, ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಎತ್ತು ಹೊಡೆದುಕೊಂಡು ಬರುವ ಒಕ್ಕಲಿಗರಿಗೆ ಮನೆಗೆ ನೂರು ಕಡ್ಡಿಯಂತೆ ಹಂಚಬಹುದು. ಮರುವರ್ಷ ಆ ಮನೆಯವರು ನೆರೆಮನೆಗೆ ನೂರು ಕೊಡಬೇಕೆಂಬ ಒಂದೇ ನಿಬಂಧನೆ ಸಾಕು.

ಕಡ್ಡಿ ಪಡೆದವರ ಅನುಕೂಲಕ್ಕಾಗಿ ಇಷ್ಟು: ಎರಡು ಮೂರು ಗೆಣ್ಣುಗಳಿರುವ ಬಲಿತ ಕಡ್ಡಿಯನ್ನು ಓರೆಯಾಗಿ, ಎರಡು ಗೆಣ್ಣು ಮಣ್ಣಿನೊಳಗಿರುವಂತೆ ನೆಡಬೇಕು, ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 60 ಸೆಂಟಿಮೀಟರ್. ಮೊದಲ ಕೊಯ್ಲು 75 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ. ಅದಕ್ಕೂ ತಡಮಾಡಿದರೆ ರಾಶಿ ದೊಡ್ಡದಾಗುತ್ತದೆ, ದಂಟು ಬಲಿತು ಸತ್ತ್ವ ಇಳಿಯುತ್ತದೆ. ಎರೆಭೂಮಿಯಲ್ಲಿ ಬುಡದಲ್ಲಿ ನೀರು ನಿಲ್ಲದಂತೆ ಬೋದು ಏರಿಸಿ ನೆಡುವುದು ಮೇಲು; ಕೊಟ್ಟಿಗೆಯ ಗಂಜಳ ಹರಿಯುವ ಕಡೆ ಒಂದು ಸಾಲು ಹಾಕಿಕೊಂಡರೆ ಬೇರೆ ಗೊಬ್ಬರದ ಚಿಂತೆ ಅಷ್ಟಾಗಿ ಇರದು.